ದೊಡ್ಡ ಸ್ವಾಮಿಯವರ ಎರಡು ಲೆಕ್ಕಗಳು: ಶ್ರೀರಂಗಪಟ್ಟಣದ ಅಬ್ಬೆ ದುಬುವಾ

ಶ್ರೀರಂಗಪಟ್ಟಣದ ಕೋಟೆಯಿಂದ ಹೊರಟು ದರಿಯಾ ದೌಲತ್ ದಾಟಿ ಗುಂಬಜ್ ಮತ್ತು ಸಂಗಮದ ಕಡೆಗೆ ಸಾಗುವ ಪ್ರವಾಸಿಗರು ಗಂಜಾಮನ್ನು ಹಾದುಹೋಗುತ್ತಾರೆ. ಅವರಲ್ಲಿ ಅಲ್ಲಿಯ ಹಳೆಯ ಚರ್ಚಿನ ಮುಂದೆ ನಿಲ್ಲುವವರು ವಿರಳ. ಆ ಚರ್ಚಿನೊಂದಿಗೆ ತಳುಕು ಹಾಕಿಕೊಂಡಿರುವ ಹೆಸರು ಫ್ರಾನ್ಸಿನಿಂದ ಬಂದ ಕ್ಯಾಥೊಲಿಕ್ ಪಾದ್ರಿ ಅಬ್ಬೆ ದುಬುವಾ ಅವರದು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಬೃಹತ್ ಗ್ರಂಥದ ಕರ್ತೃವೆಂದು ಜಗತ್ತು ಅವರನ್ನು ಬಲ್ಲದು. ಆದರೆ ಮೈಸೂರು ಸೀಮೆಗೆ ಅವರು ಸಲ್ಲಿಸಿದ ಸೇವೆಯನ್ನು ಅಳೆಯಲು ಗ್ರಂಥಕ್ಕಿಂತ ಎರಡು ಅಂಕಿಗಳೇ ಹೆಚ್ಚು ಉಪಯುಕ್ತ.

ಮೊದಲನೆಯದು 25,432. ಇದು 1803-04ರ ಅವಧಿಯಲ್ಲಿ ಅವರು ಸಿಡುಬಿನ ವಿರುದ್ಧ ಲಸಿಕೆ ಹಾಕಿದರೆಂದು ದಾಖಲಾಗಿರುವ ಜನರ ಸಂಖ್ಯೆ. ಎರಡನೆಯದು ಇನ್ನೂರರಿಂದ ಮುನ್ನೂರು. ಇದು ಇಪ್ಪತ್ತೈದು ವರ್ಷಗಳ ಧರ್ಮಪ್ರಚಾರದ ಫಲವಾಗಿ ಕ್ರೈಸ್ತರಾದವರ ಸಂಖ್ಯೆ. ಈ ಎರಡನೆಯ ಲೆಕ್ಕವನ್ನು ಒಪ್ಪಿಸಿದವರು ಅವರ ವಿರೋಧಿಗಳಲ್ಲ, ಸ್ವತಃ ಅವರೇ. ಈ ಎರಡು ಅಂಕಿಗಳ ನಡುವೆ ಒಬ್ಬ ಧರ್ಮಗುರುವಿನ ಶ್ರದ್ಧೆ, ದುಡಿಮೆ ಮತ್ತು ನಡತೆಯ ಕಥೆಯಿದೆ.

ಕ್ರಾಂತಿಯ ನಾಡಿನಿಂದ ಕಾವೇರಿ ತೀರಕ್ಕೆ

ಜೀನ್ ಆಂಟೊಯ್ನ್ ದುಬುವಾ ಅವರು 1760ರ ದಶಕದ ನಡುಭಾಗದಲ್ಲಿ ದಕ್ಷಿಣ ಫ್ರಾನ್ಸಿನ ಆರ್ಡೆಶ್ ಪ್ರಾಂತದ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ ಜನಿಸಿದರು. 1792ರಲ್ಲಿ ವಿವಿಯೇ ಧರ್ಮಪ್ರಾಂತದಲ್ಲಿ ಗುರುದೀಕ್ಷೆ ಪಡೆದರು. ಅದು ಫ್ರಾನ್ಸಿನಲ್ಲಿ ರಾಜಪ್ರಭುತ್ವ ಉರುಳಿದ ವರ್ಷ. ಹೊಸ ಆಡಳಿತಕ್ಕೆ ಪ್ರಮಾಣ ಮಾಡಲೊಪ್ಪದ ಪಾದ್ರಿಗಳು ಬೇಟೆಗೆ ಸಿಕ್ಕ ಮೃಗಗಳಂತಾಗಿದ್ದ ಕಾಲ. ಅದೇ ವರ್ಷ ಅವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. ಆರಂಭದಲ್ಲಿ ಪುದುಚೇರಿಯ ಮಿಷನ್ನಿಗೆ ಸೇರಿ, ತಮಿಳು ನಾಡಿನ ಹಳ್ಳಿಗಳಲ್ಲಿ ಕೆಲಸ ಮಾಡಿದರು.

ಅಬ್ಬೆ ಎಂಬುದು ಫ್ರೆಂಚರು ಪಾದ್ರಿಗಳಿಗೆ ಸಲ್ಲಿಸುವ ಗೌರವಪದ. ಅದರ ಮೂಲಾರ್ಥ ತಂದೆ ಎಂದು. ಕನ್ನಡದಲ್ಲಿ ಅದೇ ಉಚ್ಚಾರಣೆಯ ಪದಕ್ಕೆ ತಾಯಿ ಎಂಬ ಅರ್ಥವಿರುವುದು ಕಾಕತಾಳೀಯ. ಇಲ್ಲಿಯ ಜನರು ಮಾತ್ರ ಅವರನ್ನು ತಮ್ಮದೇ ರೂಢಿಯಂತೆ ದೊಡ್ಡ ಸ್ವಾಮಿಯವರು ಎಂದು ಕರೆದರು.

ಮೈಸೂರು ಸೀಮೆಗೆ ಕ್ರೈಸ್ತ ಧರ್ಮ ಅವರಿಂದ ಬಂದದ್ದಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲೇ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದ್ದರು. 1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನೇ ವಿಸರ್ಜಿಸಿದಾಗ ಆ ಕೆಲಸ ಅನಾಥವಾಯಿತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರೂ ಈ ಪ್ರದೇಶದಲ್ಲಿದ್ದರು. ಅವರು ಬೀಡುಬಿಟ್ಟ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಅಂಟಿಕೊಂಡಿತ್ತು. ಅದು ಇಂದಿನ ಪಾಂಡವಪುರ.

1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಲಾಯಿತು. ಅವರು ಬ್ರಿಟಿಷರಿಗೆ ನೆರವಾದರೆಂಬುದು ಸುಲ್ತಾನನ ಆರೋಪವಾಗಿತ್ತು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಅಂದಾಜುಗಳಿವೆ. ದಾರಿಯಲ್ಲಿ ಮತ್ತು ಸೆರೆಯಲ್ಲಿ ಅನೇಕರು ಸತ್ತರು. ಅನೇಕರನ್ನು ಬಲವಂತವಾಗಿ ಮತಾಂತರಿಸಲಾಯಿತು. 1799ರ ಮೇ 4ರಂದು ಕೋಟೆ ಬಿದ್ದು ಸುಲ್ತಾನ ಮಡಿದಾಗ ಈ ಸೆರೆ ಕೊನೆಗೊಂಡಿತು. ಬದುಕುಳಿದವರಲ್ಲಿ ಹಲವರು ಕರಾವಳಿಗೆ ಮರಳಿದರು. ಉಳಿದವರಿಗೆ ನೆಲವಾಗಲಿ ನೆಲೆಯಾಗಲಿ ಇರಲಿಲ್ಲ.

ಚದುರಿದ ಸಮುದಾಯ

ಇಂಥ ಹೊತ್ತಿನಲ್ಲಿ ದುಬುವಾ ಶ್ರೀರಂಗಪಟ್ಟಣಕ್ಕೆ ಬಂದರು. ಅವರ ಸ್ಥಿತಿ ಸೂಕ್ಷ್ಮವಾಗಿತ್ತು. ಬ್ರಿಟಿಷರು ಆಗತಾನೆ ಫ್ರೆಂಚರ ಮಿತ್ರನೊಬ್ಬನನ್ನು ಸೋಲಿಸಿದ್ದರು. ಯುರೋಪಿನಲ್ಲಿ ಎರಡೂ ದೇಶಗಳ ನಡುವೆ ಯುದ್ಧ ನಡೆದೇ ಇತ್ತು. ಆದರೂ ಫ್ರೆಂಚ್ ಪಾದ್ರಿಯೊಬ್ಬರು ಬ್ರಿಟಿಷರ ದಂಡಿನ ನೆರಳಿನಲ್ಲಿ ಎರಡು ದಶಕಗಳಿಗೂ ಮಿಗಿಲಾಗಿ ನಿರಾತಂಕವಾಗಿ ಬಾಳಿದರು. ರಾಜಕೀಯದಿಂದ ದೂರವಿದ್ದ ಅವರ ನಡತೆಯೇ ಅವರಿಗೆ ರಹದಾರಿಯಾಯಿತು.

ಐರೋಪ್ಯರ ಸಂಗದಿಂದಲೂ ಅವರು ದೂರವಿದ್ದರು. ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಗಡ್ಡ ಬಿಟ್ಟು, ಊಟ ಉಪಚಾರಗಳಲ್ಲಿ ಈ ನೆಲದ ರೂಢಿಯನ್ನೇ ಅನುಸರಿಸಿದರು. ಜನರ ನಡುವೆ ಕೆಲಸ ಮಾಡಬೇಕಾದವನು ಮೊದಲು ಅವರ ಬದುಕನ್ನು ಒಳಗಿನಿಂದ ಅರಿಯಬೇಕೆಂಬುದು ಅವರ ನಂಬಿಕೆಯಾಗಿತ್ತು. ಚಿತ್ರಕಾರ ಥಾಮಸ್ ಹಿಕಿ ಅವರನ್ನು ಇದೇ ದೇಶೀ ಉಡುಪಿನಲ್ಲಿ ಚಿತ್ರಿಸಿದ್ದಾನೆ. ಆ ಭಾವಚಿತ್ರ ಮದರಾಸಿನ ಲಿಟರರಿ ಸೊಸೈಟಿಗೆ ಸೇರಿತು.

ಚದುರಿದವರನ್ನು ಒಟ್ಟುಗೂಡಿಸುವುದು ಅವರ ಮೊದಲ ಹೊಣೆಯಾಯಿತು. ಬಲವಂತದ ಮತಾಂತರಕ್ಕೆ ಒಳಗಾದವರು ಹಿಂತಿರುಗಿ ಬಂದಾಗ ಅವರನ್ನು ಮತ್ತೆ ಧರ್ಮಸಭೆಗೆ ಸೇರಿಸಿಕೊಂಡರು. ಆದರೆ ಹಸಿದವನ ಕೈಗೆ ಜಪಮಾಲೆಯೊಂದನ್ನೇ ಇತ್ತರೆ ಸಾಲದೆಂಬುದು ಅವರಿಗೆ ತಿಳಿದಿತ್ತು. ಬಡ ಕ್ರೈಸ್ತ ಕುಟುಂಬಗಳಿಗಾಗಿ ಅವರು ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಬೇಸಾಯ ಕೇವಲ ಹೊಟ್ಟೆಪಾಡಲ್ಲ. ಹದಿನೈದು ವರ್ಷ ಸೆರೆಯಲ್ಲಿ ಅನ್ಯರ ಆಜ್ಞೆಯಂತೆ ಬದುಕಿದವರು ಸ್ವಂತ ದುಡಿಮೆಯ ಮೇಲೆ ನಿಲ್ಲುವುದನ್ನು ಮತ್ತೆ ಕಲಿಯಬೇಕಿತ್ತು. ಮಳೆ, ಬಿತ್ತನೆ, ಸುಗ್ಗಿಗಳ ಕ್ರಮಕ್ಕೆ ಹೊಂದಿಕೊಂಡ ಬದುಕು ಆ ಶಿಸ್ತನ್ನು ತಾನಾಗಿಯೇ ಕಲಿಸುತ್ತದೆ.

ಇಲ್ಲಿ ಅವರ ವ್ಯಕ್ತಿತ್ವದ ಒಂದು ವಿರೋಧಾಭಾಸವನ್ನೂ ಹೇಳಬೇಕು. ಮುಂದೆ ಬರೆದ ಪತ್ರವೊಂದರಲ್ಲಿ, ಟಿಪ್ಪುವಿನ ಆಜ್ಞೆಯೆದುರು ಸಾವಿರಾರು ಕ್ರೈಸ್ತರಲ್ಲಿ ಒಬ್ಬರೂ ನಂಬಿಕೆಗಾಗಿ ಪ್ರಾಣ ಕೊಡಲು ಮುಂದಾಗಲಿಲ್ಲವೆಂದು ಅವರು ತೀವ್ರವಾಗಿ ಹಳಿದರು. ಸೆರೆಯಾಳುಗಳ ಯಾತನೆಯನ್ನು ಬಲ್ಲ ಇಂದಿನ ಓದುಗನಿಗೆ ಈ ಮಾತು ನಿಷ್ಠುರವೆನಿಸದಿರದು. ಆದರೆ ಲೇಖನಿಯಲ್ಲಿ ಅಷ್ಟು ಕಠಿಣರಾದವರು ಕೆಲಸದಲ್ಲಿ ಕಠಿಣರಾಗಿರಲಿಲ್ಲ. ತಾವು ಹೇಡಿಗಳೆಂದು ಬಗೆದ ಜನರ ನಡುವೆಯೇ ಬಾಳಿದರು, ಅವರಿಗೇ ಹೊಲ ಹುಡುಕಿದರು, ಅವರ ಮಕ್ಕಳ ತೋಳಿಗೆ ಲಸಿಕೆ ಹಾಕಿದರು.

ತೋಳಿನಿಂದ ತೋಳಿಗೆ

ಆ ಕಾಲದಲ್ಲಿ ಸಿಡುಬು ಅಥವಾ ಮೈಲಿಬೇನೆ ಮನೆಮನೆಯ ಭಯವಾಗಿತ್ತು. ಊರಮ್ಮನ ಕೋಪವೆಂದು ಜನ ಭಾವಿಸುತ್ತಿದ್ದ ಈ ರೋಗ ಬಂದವರಲ್ಲಿ ಬಹಳಷ್ಟು ಮಂದಿಯನ್ನು ಕೊಲ್ಲುತ್ತಿತ್ತು. ಉಳಿದವರ ಮುಖದ ಮೇಲೆ ಕಲೆ ಉಳಿಸುತ್ತಿತ್ತು, ಕೆಲವರ ಕಣ್ಣನ್ನೇ ಕಸಿಯುತ್ತಿತ್ತು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಸುಗಳಿಗೆ ಬರುವ ಸಿಡುಬಿನ ಕೀವನ್ನು ಮನುಷ್ಯನ ಚರ್ಮಕ್ಕೆ ಸೋಕಿಸಿದರೆ ಮಾರಕ ಸಿಡುಬಿನಿಂದ ರಕ್ಷಣೆ ದೊರೆಯುತ್ತದೆಂದು ಪ್ರಯೋಗದಿಂದ ತೋರಿಸಿದ್ದನು. ಬಾಗ್ದಾದ್, ಬಸ್ರಾ ಮಾರ್ಗವಾಗಿ ಆ ಲಸಿಕೆ ಮುಂಬಯಿ ತಲುಪಿತು. 1802ರ ಜೂನ್ 14ರಂದು ಅಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲಕಿ ಭಾರತದಲ್ಲಿ ಲಸಿಕೆ ಪಡೆದ ಮೊದಲಿಗಳಾದಳು. ಅವಳ ತೋಳಿನ ಗುಳ್ಳೆಯಿಂದ ತೆಗೆದ ದ್ರವದಿಂದಲೇ ದೇಶದ ಉಳಿದ ಭಾಗಗಳಿಗೆ ಲಸಿಕೆ ಹಬ್ಬಿತು.

ಆಗ ಶೀತಲ ಪೆಟ್ಟಿಗೆಯಿರಲಿಲ್ಲ. ಲಸಿಕೆಯನ್ನು ಉಳಿಸಿಕೊಳ್ಳಲು ಮನುಷ್ಯನ ತೋಳೇ ನಂಬಿಕೆಯ ಪಾತ್ರೆಯಾಗಿತ್ತು. ಒಬ್ಬರಿಗೆ ಲಸಿಕೆ ಹಾಕಿ, ಸುಮಾರು ಎಂಟು ದಿನಗಳ ಬಳಿಕ ಎದ್ದ ಗುಳ್ಳೆಯಿಂದ ದ್ರವ ತೆಗೆದು ಮತ್ತೊಬ್ಬರಿಗೆ ಹಾಕಬೇಕು. ಈ ಸರಪಳಿ ಎಲ್ಲಿಯೂ ಕಡಿಯಬಾರದು. ಒಮ್ಮೆ ಕಡಿದರೆ ದೂರದೂರಿನಿಂದ ಹೊಸದಾಗಿ ಲಸಿಕೆ ತರಿಸಬೇಕು. ಬೇಸಿಗೆಯ ಬಿಸಿಲಿಗೆ ಅದು ದಾರಿಯಲ್ಲೇ ಸತ್ವ ಕಳೆದುಕೊಳ್ಳುತ್ತಿತ್ತು.

ಇದಕ್ಕಿಂತ ದೊಡ್ಡ ತೊಡಕು ಮನಸ್ಸುಗಳದು. ಒಂದು ದೇಹದ ದ್ರವ ಇನ್ನೊಂದು ದೇಹ ಸೇರಬೇಕೆಂದರೆ ಜಾತಿಯ ಪ್ರಶ್ನೆ ಏಳದಿರುತ್ತದೆಯೇ? ದೇವಿಯ ಕೋಪಕ್ಕೆ ಅಡ್ಡಿ ಮಾಡಬಹುದೇ? ಪರಂಗಿಯವರ ಕೈಯ ಗಾಯವನ್ನು ನಂಬುವುದು ಹೇಗೆ? ಸರ್ಕಾರದ ಆಜ್ಞಾಪತ್ರಗಳಿಂದ ಈ ಶಂಕೆಗಳು ಕರಗುವಂತಿರಲಿಲ್ಲ. ಊರಿನವರಿಗೆ ಪರಿಚಿತನಾದ, ಅವರ ಮಾತಿನಲ್ಲಿ ಮಾತನಾಡಬಲ್ಲ, ವರ್ಷಗಟ್ಟಲೆ ಕಣ್ಣೆದುರು ಬಾಳಿ ತೋರಿಸಿದ ವ್ಯಕ್ತಿಯೇ ಬೇಕಿತ್ತು. ದುಬುವಾ ಅವರ ದೇಶೀ ಉಡುಪು, ಸರಳ ಜೀವನಗಳು ಫಲ ಕೊಟ್ಟದ್ದು ಇಲ್ಲಿ.

1803-04ರ ದಾಖಲೆಯ 25,432 ಎಂಬ ಅಂಕಿಯನ್ನು ಎರಡು ಪೂರ್ಣ ವರ್ಷಗಳಿಗೆ ಹಂಚಿದರೂ ದಿನವೊಂದಕ್ಕೆ ಮೂವತ್ತನಾಲ್ಕು ಜನರಿಗಿಂತ ಹೆಚ್ಚಾಗುತ್ತದೆ. ರಸ್ತೆಗಳು ಸರಿಯಿಲ್ಲದ, ಹಳ್ಳಿಯಿಂದ ಹಳ್ಳಿಗೆ ಕಾಲ್ನಡಿಗೆ ಅಥವಾ ಕುದುರೆಯೇ ಗತಿಯಾಗಿದ್ದ ಕಾಲದಲ್ಲಿ ಇದು ಅಸಾಧಾರಣ ಸಾಧನೆ. ಜೆನ್ನರನ ಪ್ರಯೋಗ ನಡೆದು ಆಗಿನ್ನೂ ಒಂದು ದಶಕವೂ ತುಂಬಿರಲಿಲ್ಲ.

ಮೈಸೂರು ಅರಮನೆಯೂ ಈ ಕಾರ್ಯಕ್ಕೆ ಬೆನ್ನೆಲುಬಾಗಿತ್ತು. 1805ರ ಸುಮಾರಿಗೆ ಮೈಸೂರಿನ ಮೂವರು ರಾಜವನಿತೆಯರನ್ನು ಚಿತ್ರಿಸಿದ ತೈಲಚಿತ್ರವೊಂದಿದೆ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗು ಸರಿಸಿ ಲಸಿಕೆ ಪಡೆದ ತೋಳಿನತ್ತ ಬೆರಳು ತೋರುತ್ತಿದ್ದಾಳೆಂದೂ, ಜನರಲ್ಲಿ ಧೈರ್ಯ ತುಂಬಲೆಂದೇ ಆ ಚಿತ್ರ ರಚನೆಯಾಯಿತೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಅದನ್ನು ಬರೆದವನೂ ದುಬುವಾ ಅವರ ಭಾವಚಿತ್ರ ಬರೆದ ಅದೇ ಥಾಮಸ್ ಹಿಕಿ ಎಂಬುದು ಗಮನಾರ್ಹ. ಅರಮನೆಯ ರಾಣಿಯರನ್ನೂ ಹಳ್ಳಿಯ ಪಾದ್ರಿಯನ್ನೂ ಒಂದೇ ಕುಂಚ ಕಂಡಿತ್ತು.

ಎಂಟು ಸಾವಿರ ರೂಪಾಯಿಯ ಹಸ್ತಪ್ರತಿ

ಹಳ್ಳಿಗಳ ತಿರುಗಾಟದಲ್ಲಿ ಕಂಡದ್ದು ಕೇಳಿದ್ದನ್ನು ದುಬುವಾ ಬರೆದಿಡುತ್ತಿದ್ದರು. ಜಾತಿ ವ್ಯವಸ್ಥೆ, ಬ್ರಾಹ್ಮಣರ ಆಶ್ರಮಧರ್ಮಗಳು, ಪೂಜೆ, ಮದುವೆ, ಶ್ರಾದ್ಧ, ಸಹಗಮನ ಮುಂತಾದ ವಿಷಯಗಳನ್ನೊಳಗೊಂಡ ಆ ಫ್ರೆಂಚ್ ಹಸ್ತಪ್ರತಿಯನ್ನು 1806ರಲ್ಲಿ ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರಿಗೆ ಒಪ್ಪಿಸಿದರು. ಮೈಸೂರಿನ ಇತಿಹಾಸ ಬರೆದು ಮುಂದೆ ಖ್ಯಾತರಾದ ವಿಲ್ಕ್ಸ್ ಅದರ ಬೆಲೆಯನ್ನು ಅರಿತು ಮದರಾಸಿಗೆ ಕಳುಹಿಸಿದರು. 1807ರಲ್ಲಿ ಗವರ್ನರ್ ವಿಲಿಯಂ ಬೆಂಟಿಂಕ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಅದನ್ನು ಎಂಟು ಸಾವಿರ ರೂಪಾಯಿಗೆ ಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದವೂ, 1825ರಲ್ಲಿ ಪ್ಯಾರಿಸ್ಸಿನಲ್ಲಿ ಪರಿಷ್ಕೃತ ಫ್ರೆಂಚ್ ಆವೃತ್ತಿಯೂ ಪ್ರಕಟವಾದವು. 1897ರಲ್ಲಿ ಹೆನ್ರಿ ಬ್ಯೂಶಾಂಪ್ ಸಿದ್ಧಪಡಿಸಿದ ಆವೃತ್ತಿಗೆ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಮುನ್ನುಡಿ ಬರೆದರು.

ಈ ಕೀರ್ತಿಯ ಮೇಲೆ ಒಂದು ನೆರಳೂ ಇದೆ. 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್, ಈ ಗ್ರಂಥದ ಬಹುಭಾಗ ದುಬುವಾ ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಗ್ಯಾಸ್ಟನ್ ಲಾರೆಂಟ್ ಕೂರ್ದು ಅವರ ಬರಹವನ್ನು ಆಧರಿಸಿದೆ ಎಂದು ಪಠ್ಯಗಳನ್ನು ಹೋಲಿಸಿ ತೋರಿಸಿದರು. 1779ರಲ್ಲಿ ಪುದುಚೇರಿಯಲ್ಲಿ ನಿಧನರಾದ ಕೂರ್ದು, ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಇರುವ ನಂಟನ್ನು ಬಹಳ ಮೊದಲೇ ಗುರುತಿಸಿದ್ದ ಪಂಡಿತರು. ಅವರಿಗೆ ಸಲ್ಲಬೇಕಾದ ಮನ್ನಣೆ ದುಬುವಾ ಅವರ ಪುಟಗಳಲ್ಲಿ ಸಲ್ಲಲಿಲ್ಲ. ಮಿಷನ್ನಿನ ಕಾಗದಪತ್ರಗಳನ್ನು ಸಾಮುದಾಯಿಕ ಸೊತ್ತೆಂದು ಬಗೆಯುವ ರೂಢಿ ಅಂದಿನ ಪಾದ್ರಿಗಳಲ್ಲಿ ಇದ್ದಿರಬಹುದು. ಆದರೂ ಎಂಟು ಸಾವಿರ ರೂಪಾಯಿ ಪಡೆದ ಗ್ರಂಥದಲ್ಲಿ ಮೂಲವನ್ನು ಹೇಳದಿರುವುದು ಲೋಪವೇ ಸರಿ.

ವಿಚಾರದಲ್ಲೂ ಅವರು ತಮ್ಮ ಕಾಲವನ್ನು ಮೀರಿದವರಲ್ಲ. ಜಾತಿ ವ್ಯವಸ್ಥೆಯು ಸಮಾಜವನ್ನು ಅರಾಜಕತೆಯಿಂದ ಕಾಪಾಡಿದ ಶ್ರೇಷ್ಠ ಕಟ್ಟಳೆಯೆಂದು ಅವರು ಬಗೆದಿದ್ದರು. ಅದರ ಕೆಳಗೆ ನಲುಗಿದವರ ಬಗ್ಗೆ ಬರೆಯುವಾಗ ಅವರ ಭಾಷೆ ಹಲವೆಡೆ ಕರುಣೆಯಿಲ್ಲದ್ದು.

ಸೋಲನ್ನು ಒಪ್ಪಿಕೊಂಡ ಪಾದ್ರಿ

ಆದರೆ ತಮ್ಮ ವೃತ್ತಿಯ ಕುರಿತಾಗಿ ಅವರು ತೋರಿದ ಪ್ರಾಮಾಣಿಕತೆ ಅಪರೂಪದ್ದು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಗತಿಯನ್ನು ಕುರಿತ ಪತ್ರಗಳಲ್ಲಿ ಅವರು ತಮ್ಮ ಲೆಕ್ಕವನ್ನು ಬಿಚ್ಚಿಟ್ಟರು. ದೇಶೀಯ ಸಹಾಯಕನೊಬ್ಬನೊಡನೆ ಇಷ್ಟು ವರ್ಷ ದುಡಿದರೂ ಮತಾಂತರಗೊಂಡವರು ಇನ್ನೂರು ಮುನ್ನೂರನ್ನು ಮೀರಲಿಲ್ಲ. ಅವರಲ್ಲೂ ಹೆಚ್ಚಿನವರು ಮದುವೆ ಸಂಬಂಧಕ್ಕಾಗಿಯೋ ಬೇರಾವುದೋ ಪ್ರಯೋಜನಕ್ಕಾಗಿಯೋ ಬಂದವರು. ಹಿಂದೂ ಸಮಾಜವನ್ನು ಸಮಗ್ರವಾಗಿ ಕ್ರೈಸ್ತ ಧರ್ಮಕ್ಕೆ ತಿರುಗಿಸುವುದು ಮನುಷ್ಯಪ್ರಯತ್ನದಿಂದ ಆಗದ ಮಾತು ಎಂಬುದು ಅವರ ತೀರ್ಮಾನವಾಗಿತ್ತು.

ಮಿಷನರಿಗಳ ಉತ್ಸಾಹ ಏರುತ್ತಿದ್ದ ಆ ದಿನಗಳಲ್ಲಿ ಈ ಮಾತು ಸಿಡಿಲಿನಂತೆ ಎರಗಿತು. ಪ್ರಾಟೆಸ್ಟೆಂಟ್ ಪಾದ್ರಿ ಜೇಮ್ಸ್ ಹಫ್ ಮೊದಲಾದವರು ಉತ್ತರವಾಗಿ ಪುಸ್ತಕಗಳನ್ನೇ ಬರೆದರು. ದುಬುವಾ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಅವರ ನಂಬಿಕೆಯೂ ಅಲುಗಲಿಲ್ಲ. ಫಲ ಕಾಣದಿದ್ದರೂ ಪಾದ್ರಿಯಾಗಿಯೇ ಬಾಳಿದರು, ಪಾದ್ರಿಯಾಗಿಯೇ ಸತ್ತರು.

ಅದೇ ಸಂಪುಟದಲ್ಲಿ ಇನ್ನೊಂದು ಗಮನಾರ್ಹ ಬರಹವಿದೆ. ಮಿಷನರಿಯೊಬ್ಬರು ಹಿಂದೂ ಸ್ತ್ರೀ ಪುರುಷರ ನಡತೆಯನ್ನು ಹೀನಾಯವಾಗಿ ಚಿತ್ರಿಸಿದ್ದಕ್ಕೆ ಪ್ರತಿಯಾಗಿ ದುಬುವಾ ಹಿಂದೂಗಳ ಪರವಾಗಿ ವಾದಿಸಿದರು. 1820ರ ಡಿಸೆಂಬರ್ 15ರಂದು ಶ್ರೀರಂಗಪಟ್ಟಣದಲ್ಲಿ ಕುಳಿತು ಬರೆದ ಪತ್ರದಲ್ಲಿ, ಇಲ್ಲಿಯ ಮನೆಗಳಲ್ಲಿ ಗೃಹಿಣಿಗೆ ಇರುವ ಅಧಿಕಾರ, ಸಂಸಾರದ ಶಾಂತಿ ಕಾಯುವಲ್ಲಿ ಆಕೆಯ ವಿವೇಕ, ಮಕ್ಕಳನ್ನು ಸಲಹುವ ರೀತಿಗಳನ್ನು ವಿವರಿಸಿದರು. ಮತಾಂತರಿಸಲು ಬಂದವರೇ ಮತಾಂತರವಾಗದವರ ಪರವಾಗಿ ನಿಂತಿದ್ದರು. ಸುಮಾರು ತೊಂಬತ್ತು ವರ್ಷಗಳ ಬಳಿಕ ಮಹಾತ್ಮ ಗಾಂಧಿಯವರು ತಮ್ಮ ಹಿಂದ್ ಸ್ವರಾಜ್ ಕೃತಿಯ ಅನುಬಂಧದಲ್ಲಿ ಭಾರತೀಯ ನಾಗರಿಕತೆಯ ಪರ ಸಾಕ್ಷ್ಯ ನುಡಿದವರ ಮಾತುಗಳನ್ನು ಸೇರಿಸಿದಾಗ, ಶ್ರೀರಂಗಪಟ್ಟಣದ ಈ ಪತ್ರಕ್ಕೂ ಸ್ಥಾನ ದೊರೆಯಿತು.

ವಿದಾಯ

1823ರ ಜನವರಿಯಲ್ಲಿ ದುಬುವಾ ಭಾರತವನ್ನು ಬಿಟ್ಟರು. ಬಂದು ಮೂವತ್ತು ವರ್ಷಗಳಾಗಿದ್ದವು. ಈಸ್ಟ್ ಇಂಡಿಯಾ ಕಂಪನಿ ಅವರಿಗೆ ವಿಶೇಷ ಪಿಂಚಣಿ ನೀಡಿತು. ಪ್ಯಾರಿಸ್ಸಿನಲ್ಲಿ ವಿದೇಶಿ ಮಿಷನ್ ಸಂಸ್ಥೆಯ ನಿರ್ದೇಶಕರಲ್ಲೊಬ್ಬರಾಗಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು. ಪಂಚತಂತ್ರದ ಕಥೆಗಳನ್ನೂ, ಮುಗ್ಧ ಗುರು ಪರಮಾರ್ಥನ ಹಾಸ್ಯಕಥೆಗಳನ್ನೂ ಫ್ರೆಂಚಿಗೆ ತಂದರು. ನಾಡು ಬಿಟ್ಟರೂ ಇಲ್ಲಿಯ ಕಥೆಗಳು ಅವರನ್ನು ಬಿಡಲಿಲ್ಲ. 1848ರ ಫೆಬ್ರವರಿ 17ರಂದು ಅವರು ನಿಧನರಾದರು. ಒಂದು ವಾರ ಕಳೆಯುವಷ್ಟರಲ್ಲಿ ಪ್ಯಾರಿಸ್ ಮತ್ತೊಂದು ಕ್ರಾಂತಿಗೆ ಸಿಲುಕಿ, ಫ್ರಾನ್ಸಿನ ರಾಜಪ್ರಭುತ್ವ ಮತ್ತೆ ಉರುಳಿತು.

ಸಿಡುಬು ಭಾರತದಿಂದ ಮರೆಯಾದದ್ದು 1975ರಲ್ಲಿ. 1980ರಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಸುದೀರ್ಘ ಸರಪಳಿಯ ಮೊದಲ ಕೊಂಡಿಗಳಲ್ಲಿ ಕಾವೇರಿ ತೀರದ ಹಳ್ಳಿಗಳೂ ಇದ್ದವು. ಅಂದು ಅಬ್ಬೆ ದುಬುವಾ ಅವರಿಂದ ಲಸಿಕೆ ಪಡೆದ 25,432 ಜನರ ಹೆಸರುಗಳು ಪುಸ್ತಕದಲ್ಲಿ ಸೇರಿಲ್ಲ. ಅವರಲ್ಲಿ ಬಹುಪಾಲು ಜನ ದೊಡ್ಡ ಸ್ವಾಮಿಯವರ ಚರ್ಚಿನೊಳಗೆ ಕಾಲಿಟ್ಟವರೂ ಆಗಿರಲಾರರು.

ಧರ್ಮಪ್ರಚಾರಕರಾಗಿ ಸೋತೆನೆಂದು ಬರೆದುಕೊಂಡ ಈ ಮನುಷ್ಯರನ್ನು ಜನ ನೆನಪಿಟ್ಟದ್ದು ಆ ಸೋಲಿಗಾಗಿ ಅಲ್ಲ. ಕೃತಿಚೌರ್ಯದ ಕಳಂಕವನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ, ಅದು ಅಳಿಯುವಂಥದ್ದಲ್ಲ. ಆದರೆ ತೋಳಿನಿಂದ ತೋಳಿಗೆ ಸಾಗಿದ ಆ ಹನಿ ಯಾವ ಗ್ರಂಥದಿಂದಲೂ ನಕಲು ಮಾಡಿದ್ದಲ್ಲ. ಅದನ್ನು ಹಳ್ಳಿ ಹಳ್ಳಿಗೆ ಹೋಗಿ, ಒಬ್ಬೊಬ್ಬರ ತೋಳು ಹಿಡಿದೇ ಹಾಕಬೇಕಿತ್ತು.